ಅಪ್‌ಡೇಟ್: ದುಡಿ (ಕೊಡಗಿನ ಪುಟ್ಟ ಚರ್ಮವಾದ್ಯ) ಲೂಪ್ ನಾವೇ ಮಾಡಿಕೊಂಡೆವು

ಕೊಡವರ ವಾಲಗದ ಸಂಗೀತದ 6/8 ನಡೆಗೆ (ಆರೆಣಿಕೆಯ ತಾಳ) ಹೊಂದುವ ಲೂಪ್, ಅಂದರೆ ಮತ್ತೆ ಮತ್ತೆ ನುಡಿಯುವ ಚಿಕ್ಕ ತುಣುಕು, ಮ್ಯಾಕ್‌ನ ಸಂಗೀತ ಆ್ಯಪ್ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಎಲ್ಲಿದೆ ಅಂತ ಕೇಳಿದ್ದೆ ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ಲೂಪ್ ಫಿಲ್ಟರ್ ಆಫ್ ಮಾಡಿ ಎಂದವರಿಗೆ ಥ್ಯಾಂಕ್ಸ್. ಆ ಫಿಲ್ಟರ್ ಹಾಡಿನ ಶ್ರುತಿಗೆ ಹತ್ತಿರದ ಲೂಪ್‌ಗಳನ್ನು ಮಾತ್ರ ತೋರಿಸುತ್ತಿತ್ತು. ಪಟ್ಟಿ ಉದ್ದವಾಯಿತು, ಆದರೆ ನನಗೆ ಸಿಕ್ಕಿದ್ದೆಲ್ಲ 4/4, ಅಂದರೆ ನಾಲ್ಕೆಣಿಕೆಯವು. ಹಸಿರು ಬಣ್ಣದ ಲೂಪ್ (ರೆಕಾರ್ಡಿಂಗ್ ಅಲ್ಲ, ನೋಟ್‌ಗಳ ರೂಪದ್ದು) ಆದರೆ ಒಂದೊಂದೇ ನೋಟ್ ತಿದ್ದಬಹುದು, ಆದರೂ ದುಡಿಯ ನಾದ ಬರಲಿಲ್ಲ.

ಕೊನೆಗೆ ಮಡಿಕೇರಿ ಹತ್ತಿರದ ಮಾವನ ದುಡಿಯನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಮಳೆಗಾಲ ನೋಡಿ, ಹೆಂಚಿನ ಸದ್ದು ಬೇರೆ! ಇಯರ್‌ಫೋನ್‌ನಲ್ಲಿ ಮೆಟ್ರೊನೋಮ್ (ಲಯ ಹಿಡಿಯಲು ಟಿಕ್ ಟಿಕ್ ಸದ್ದು) ಹಾಕಿಕೊಟ್ಟೆ. ಮಾವ ಗೊಣಗುತ್ತಲೇ ಬಾರಿಸಿದರು. ಎರಡು ಬಾರ್ (ತಾಳದ ಎರಡು ಸುತ್ತು) ಚೊಕ್ಕವಾಗಿ ಕತ್ತರಿಸಿ ಗ್ಯಾರೇಜ್‌ಬ್ಯಾಂಡ್‌ನ ಲೂಪ್ ಬ್ರೌಸರ್ (ಲೂಪ್‌ಗಳ ಪಟ್ಟಿ) ಮೇಲೆ ಎಳೆದು ಹಾಕಿದೆ, ಅಷ್ಟೇ. ಈಗ ಟೆಂಪೊ (ಹಾಡಿನ ವೇಗ) ಬದಲಿಸಿದರೆ ಅದೂ ಜೊತೆಗೇ ಬರುತ್ತದೆ. ಜಾಸ್ತಿ ನಿಧಾನ ಮಾಡಿದರೆ ಮಾತ್ರ ಪೆಟ್ಟು ಒಡೆದಂತೆ ಕೇಳುತ್ತದೆ. ಮುಂದೆ ಕೊಂಬು ವಾದ್ಯ ರೆಕಾರ್ಡ್ ಮಾಡಬೇಕು.