ಮ್ಯಾಜಿಕ್ ಕಾರ್ಡ್ ಆಟದ ಮನಾವನ್ನು ಡಿ ಅಂಡ್ ಡಿಗೆ ತಂದರೆ ವಿಜರ್ಡ್ ಸುಮ್ನೆ ಕೂರುತ್ತಾನೆ, ಏನು ಮಾಡೋದು?

ಕರಿದಾಳ:
ನಮ್ಮ ಗುಂಪು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) 5ನೇ ಆವೃತ್ತಿ ಆಡುತ್ತದೆ, 2014ರ ನಿಯಮ. ನಾನು ಡಿಎಂ, ಅಂದರೆ ಆಟ ನಡೆಸುವವನು. ಎಲ್ಲರಿಗೂ ಮ್ಯಾಜಿಕ್: ದ ಗ್ಯಾದರಿಂಗ್ ಹುಚ್ಚು. ಹಾಗಾಗಿ ಸ್ಪೆಲ್ ಸ್ಲಾಟ್ (ದಿನಕ್ಕೆ ಇಷ್ಟೇ ಸ್ಪೆಲ್, ಅಂದರೆ ಮಂತ್ರ, ಅನ್ನೋ ಲೆಕ್ಕ) ತೆಗೆದು ಅಲ್ಲಿನ ಮನಾ (ಮಂತ್ರ ಹಾಕಲು ಬೇಕಾದ ಶಕ್ತಿ) ಇಟ್ಟೆವು. ಶುರುವಿಗೆ 1 ಮನಾ. ಪ್ರತಿ ಟರ್ನ್ ಒಂದು ಕಾರ್ಡ್ ಎಳೆಯಬೇಕು, ಲ್ಯಾಂಡ್ (ಮನಾ ಕೊಡುವ ಕಾರ್ಡ್) ಬಂದರೆ ಒಂದು ಮನಾ ಜಾಸ್ತಿ. 3ನೇ ಲೆವೆಲ್ ಸ್ಪೆಲ್‌ಗೆ 3 ಮನಾ.

ವಿಜರ್ಡ್ (ಮಂತ್ರವಾದಿ) 3ನೇ ಲೆವೆಲ್‌ನ ಫೈರ್‌ಬಾಲ್ ಸ್ಪೆಲ್ ಹಾಕುವ ಹೊತ್ತಿಗೆ ಕತ್ತಿ ಹಿಡಿದ ಫೈಟರ್ ಗಾಬ್ಲಿನ್‌ಗಳನ್ನೆಲ್ಲ ಮುಗಿಸಿರುತ್ತಾನೆ. ಲ್ಯಾಂಡ್ ಬರದಿದ್ದರೆ ಕಥೆ ಮುಗೀತು. ಇತ್ತ ಹೋರಾಟ ಮುಗಿದ ಮೇಲೂ ಗಾಯ ವಾಸಿ ಮಾಡುವ ಕ್ಲೆರಿಕ್‌ಗೆ ಮನಾ ತುಂಬುತ್ತಲೇ ಇರುತ್ತದೆ, ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ! ಎಲ್ಲಿ ಸರಿಮಾಡಲಿ?

ಹಳೇಗೂಬೆ:
ಡಿಎಂ ಗೈಡ್‌ನಲ್ಲೇ ಸ್ಪೆಲ್ ಪಾಯಿಂಟ್ ನಿಯಮ ಇದೆಯಲ್ಲ. 5ನೇ ಲೆವೆಲ್ ಪಾತ್ರಕ್ಕೆ 27 ಪಾಯಿಂಟ್, ಫೈರ್‌ಬಾಲ್‌ಗೆ 5. ಅದನ್ನೇ ಹಾಕಿಕೊಳ್ಳಿ.

ಕರಿದಾಳ:
ನೋಡಿದೆ ಗುರು. ಅದು ಜೇಬಿನ ದುಡ್ಡು ಇದ್ದ ಹಾಗೆ, ಖರ್ಚು ಮಾಡೋದಷ್ಟೇ. ರೌಂಡ್ ರೌಂಡಿಗೆ ಏರೋ ಮಜಾ ಇಲ್ಲ.

ನೀಲಿಮನಾ:
ಮೊದಲು ಲ್ಯಾಂಡ್ ಕಾರ್ಡ್ ಬಿಸಾಕಿ. ಮ್ಯಾಜಿಕ್‌ನ 60 ಕಾರ್ಡಿನ ಡೆಕ್‌ನಲ್ಲಿ 24ರ ಆಸುಪಾಸು ಲ್ಯಾಂಡ್ ಇಟ್ಟರೂ ಕೈಗೆ ಬಾರದೆ ಒದ್ದಾಡುತ್ತೇವೆ. ಅಲ್ಲಿ ಇನ್ನೊಂದು ಆಟ ಆಡಬಹುದು. ನಿಮ್ಮ ಹೋರಾಟ ಮೂರ್ನಾಲ್ಕು ರೌಂಡಿಗೆ ಮುಗಿಯುತ್ತದೆ, ಸರಿಹೋಗೋಕೆ ಟೈಮೇ ಇಲ್ಲ. ಹಾರ್ತ್‌ಸ್ಟೋನ್ ಅನ್ನೋ ಕಾರ್ಡ್ ಆಟದಲ್ಲಿ ಲ್ಯಾಂಡೇ ಇಲ್ಲ, ಪ್ರತಿ ಟರ್ನ್ ಮನಾ ತಾನಾಗಿ ಒಂದೊಂದು ಏರುತ್ತದೆ. ಹಾಗೇ ಮಾಡಿ.

ಎರಡನೇದು, ಸ್ಲಾಟ್ ವಾಪಸ್ ತನ್ನಿ. ಕಾರ್ಡ್ ಆಟ ಪ್ರತಿ ಸಲ ಸೊನ್ನೆಯಿಂದ ಶುರು. ಡಿ ಅಂಡ್ ಡಿ ಇಡೀ ದಿನದ ಲೆಕ್ಕ. ಮ್ಯಾಜಿಕ್, ಡಿ ಅಂಡ್ ಡಿ ಎರಡೂ ಒಂದೇ ಕಂಪನಿಯವು, ಆದರೂ ಮ್ಯಾಜಿಕ್ ಲೋಕಗಳನ್ನು ಡಿ ಅಂಡ್ ಡಿಗೆ ತಂದ ರಾವ್ನಿಕಾ (2018), ಥೆರೋಸ್ (2020) ಪುಸ್ತಕಗಳಲ್ಲಿ ಅವರು ಸ್ಲಾಟ್ ಮುಟ್ಟಲಿಲ್ಲ. ಸ್ಲಾಟ್ ದಿನಕ್ಕೆ, ಮನಾ ಆ ರೌಂಡಿಗೆ. ಸ್ಪೆಲ್ ಹಾಕೋಕೆ ಎರಡೂ ಬೇಕು. ಹೋರಾಟದ ಹೊರಗೆ ಮನಾ ಲೆಕ್ಕ ಬೇಡ. ಕ್ಲೆರಿಕ್ ಸಮಸ್ಯೆ ಅಲ್ಲಿಗೆ ಮುಗೀತು.

5ನೇ ಲೆವೆಲ್ ಪಾತ್ರಕ್ಕೆ 2 ಮನಾದಿಂದ ಶುರುಮಾಡಿ: ಮೊದಲ ರೌಂಡ್ 2, ಆಮೇಲೆ 3, 4. ಫೈರ್‌ಬಾಲ್ ಎರಡನೇ ರೌಂಡಿಗೆ ಬರುತ್ತದೆ. ಮೂರನೇದಕ್ಕೆ ಬಂದರೆ ಗಾಬ್ಲಿನ್‌ಗಳ ಮಧ್ಯೆ ನಿಮ್ಮ ಫೈಟರ್ ನಿಂತಿರುತ್ತಾನೆ, ಹಾಕೋದೆಲ್ಲಿಗೆ?

ನಿಜವಾದ ಮಜಾ ಏರೋದರಲ್ಲಿಲ್ಲ, ಉಳಿಸಿಕೊಳ್ಳೋದರಲ್ಲಿದೆ. ಮ್ಯಾಜಿಕ್‌ನಲ್ಲಿ ನೀಲಿ ಡೆಕ್‌ನವನು ನಿಮ್ಮ ಸ್ಪೆಲ್ ತಡೆಯೋಕೆ ಎರಡು ಲ್ಯಾಂಡ್ ಟ್ಯಾಪ್ ಮಾಡದೆ (ಬಳಸದೆ) ಬಿಟ್ಟು ನಗುತ್ತಾನಲ್ಲ, ಆ ಭಯ ಟೇಬಲ್ಲಿಗೆ ಬರಬೇಕು. ನಿಮ್ಮ ಟರ್ನ್ ಶುರುವಿಗೆ ಮನಾ ಪೂರ್ತಿ ತುಂಬಲಿ, ಹಳೇದು ಉಳಿದಿದ್ದರೆ ಹೋಯಿತು. ಈಗ 3 ಮನಾ ಇದೆ ಅನ್ನಿ. ಫೈರ್‌ಬಾಲ್ ಹಾಕಿದರೆ ಖಾಲಿ. 2ನೇ ಲೆವೆಲ್ ಸ್ಪೆಲ್ ಹಾಕಿದರೆ ಒಂದು ಉಳೀತು, ಶತ್ರುವಿನ ಟರ್ನ್‌ನಲ್ಲಿ ಏಟು ತಡೆಯುವ 1ನೇ ಲೆವೆಲ್‌ನ ಶೀಲ್ಡ್‌ಗೆ ಸಾಕು. ಏನೂ ಹಾಕದೆ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಪುಟ್ಟ ಸ್ಪೆಲ್) ಹೊಡೆದರೆ ಮೂರೂ ಕೈಯಲ್ಲಿದೆ, ಶತ್ರುವಿನ ಸ್ಪೆಲ್ ತಡೆಯುವ ಕೌಂಟರ್‌ಸ್ಪೆಲ್! ಉಳಿದ ಮನಾವನ್ನು ಆರು ಮುಖದ ದಾಳದಲ್ಲಿ ಎಲ್ಲರಿಗೂ ಕಾಣುವಂತೆ ಇಡಿ.

ವಿಜರ್ಡ್‌ಗೆ ಸ್ವಲ್ಪ ಲಾಸ್ ಆಗುತ್ತೆ. ಅದಕ್ಕೆ ಹೋರಾಟಕ್ಕೊಮ್ಮೆ 1ನೇ ಲೆವೆಲ್ ಸ್ಪೆಲ್ ಒಂದಕ್ಕೆ ಸ್ಲಾಟ್ ಬೇಡ ಅನ್ನಿ. (ಈ ಪುಕ್ಕಟೆ ಸ್ಪೆಲ್‌ಗಾಗಿ ದಾರೀಲಿ ಹೋಗೋ ಕೋಳಿ ಜೊತೆ ಬೇಕಂತಲೇ ಹೋರಾಟ ಶುರುಮಾಡುವವರು ಇರುತ್ತಾರೆ, ಹುಷಾರು.)

ಹಳೇಗೂಬೆ:
ವಾರ್ಲಾಕ್ (ಇನ್ನೊಂದು ಬಗೆಯ ಮಂತ್ರವಾದಿ) ಗತಿ? 5ನೇ ಲೆವೆಲ್‌ನಲ್ಲಿ ಅವನ ಎರಡೂ ಸ್ಲಾಟ್ 3ನೇ ಲೆವೆಲ್ಲೇ. 2 ಮನಾದಲ್ಲಿ ಒಂದೂ ಸ್ಪೆಲ್ ಆಗಲ್ಲ ಅಲ್ವಾ?

ನೀಲಿಮನಾ:
ಒಳ್ಳೇ ಪಾಯಿಂಟ್. ಅವನನ್ನು 3ರಿಂದ ಶುರುಮಾಡಿಸಿ. ಇರೋದೇ ಎರಡು ಸ್ಲಾಟ್, ಆಟ ಕೆಡಲ್ಲ.

ಕರಿದಾಳ:
ಭಾನುವಾರ ಹೀಗೇ ಆಡಿಸುತ್ತೇನೆ. ಕೊನೇ ಪ್ರಶ್ನೆ, ಶತ್ರುಗಳಿಗೂ ಮನಾನಾ?

ನೀಲಿಮನಾ:
ಸ್ಪೆಲ್ ಹಾಕುವವರಿಗೆಲ್ಲ ಹೌದು, ಅವರ ದಾಳವನ್ನೂ ಡಿಎಂ ಪರದೆಯ ಈಚೆ, ಎಲ್ಲರಿಗೂ ಕಾಣುವಂತೆ ಇಡಿ. ಡ್ರ್ಯಾಗನ್ ಉಗುಳೋ ಬೆಂಕಿ ಸ್ಪೆಲ್ ಅಲ್ಲ. ಮತ್ತೆ ಉಗುಳೋಕೆ ಆರು ಮುಖದ ದಾಳದಲ್ಲಿ 5 ಅಥವಾ 6 ಬೀಳಬೇಕು ಅನ್ನೋ ನಿಯಮ ಆಗಲೇ ಇದೆ, ಮುಟ್ಟಬೇಡಿ.