ಗೇಮಲ್ಲಿ ಬ್ಯಾನ್ ಆದವನನ್ನ ಡಿಸ್ಕಾರ್ಡಿಂದಲೂ ಓಡಿಸ್ಬೇಕಾ? ಅನುಭವ ಇರೋರು ಹೇಳಿ

ಬ್ಲಾಕ್‌ಮೇಸ್ತ್ರಿ: ನಮ್ದು ಸಣ್ಣ ಮೈನ್‌ಕ್ರಾಫ್ಟ್ ಸರ್ವರ್. ಒಬ್ಬ ಕಲ್ಲಿನೊಳಗಿನ ಅದಿರು ಕಾಣಿಸೋ ಎಕ್ಸ್‌ರೇ ಚೀಟ್ ಹಾಕ್ಕೊಂಡು ಡೈಮಂಡ್ ಬಾಚ್ತಾ ಸಿಕ್ಕಿಬಿದ್ದ, ಸರ್ವರಲ್ಲಿ ಬ್ಯಾನ್ ಮಾಡಿದ್ವಿ. ಡಿಸ್ಕಾರ್ಡಲ್ಲಿ (ನಮ್ ಚಾಟ್ ಗ್ರೂಪ್) ಇನ್ನೂ ಇದಾನೆ, ಗಲಾಟೆ ಏನಿಲ್ಲ, ಹಳೇ ದೋಸ್ತ್‌ಗಳ ಜೊತೆ ಹರಟ್ತಾನೆ ಅಷ್ಟೆ. ಅಲ್ಲಿಂದಲೂ ತೆಗೀಬೇಕಾ? ನೀವೆಲ್ಲ ಏನ್ ಮಾಡಿದ್ರಿ?

ಲಾವಾಬಕೆಟ್: ತೆಗೀರಿ. ಇವತ್ತೇ. ನಮ್ಮಲ್ಲಿ ಇನ್ನೊಬ್ಬ ಅಡ್ಮಿನ್ "ಪಾಪ, ಮಾತಾಡ್ಕೊಂಡಿರ್ಲಿ ಬಿಡ್ರೋ" ಅಂತ ಹಠ ಹಿಡಿದ, ನಾನ್ ಬೇಡ ಅಂದ್ರೂ ಕೇಳ್ಲಿಲ್ಲ. ಆ ಬ್ಯಾನ್ ಆದ ಪುಣ್ಯಾತ್ಮ ಬಿಲ್ಡ್ ಚಾನೆಲಲ್ಲಿ ಜನ ಖುಷಿಗೆ ಹಾಕೋ ಸ್ಕ್ರೀನ್‌ಶಾಟ್ ಒಂದೊಂದೇ ನೋಡ್ತಾ ಕೂತಿದ್ದ, ಎಫ್3 ಮಾಹಿತಿ ಪರದೆ ಆನ್ ಇಟ್ಕೊಂಡೇ ತೆಗ್ದಿರ್ತಾರಲ್ಲ, ಎಡಗಡೆ ಆ ಜಾಗದ ಕೋಆರ್ಡಿನೇಟ್ಸ್ ಪೂರ್ತಿ ಕಾಣತ್ತೆ, ಅದನ್ನೆಲ್ಲ ಬರ್ಕೊಂಡು ಸರ್ವರ್ ಒಳಗಿದ್ದ ತನ್ನ ಚೇಲಾಗೆ ಕೊಟ್ಟ. ರಾತ್ರೋರಾತ್ರಿ ಮೂರು ಬೇಸ್ ಮೇಲೆ ಲಾವಾ. ಆಗಿದ್ದನ್ನೆಲ್ಲ ದಾಖಲಿಸಿ ಮೊದಲಿನ ಹಾಗೆ ಮಾಡೋ ಕೋರ್‌ಪ್ರೊಟೆಕ್ಟ್ ಪ್ಲಗಿನ್ ಇತ್ತು ನಿಜ, ಆದ್ರೆ ಜನ ಆಡ್ತಿರೋವಾಗ್ಲೇ ರೋಲ್‌ಬ್ಯಾಕ್ ಓಡಿಸ್ಬೇಕಾಯ್ತು, 20 ಇರ್ಬೇಕಾದ ಟಿಪಿಎಸ್ (ಸರ್ವರ್ ಸೆಕೆಂಡಿಗೆ ಎಷ್ಟು ಸಲ ಗೇಮ್ ಅಪ್‌ಡೇಟ್ ಮಾಡತ್ತೆ ಅನ್ನೋದು) 4ಕ್ಕೆ ಬಿತ್ತು, ಬಾಗಿಲು ತೆಗೆದ್ರೆ ತಾನಾಗೇ ಮುಚ್ಕೊಳೋದು, ಒಡೆದ ಬ್ಲಾಕ್ ಮತ್ತೆ ಅಲ್ಲೇ. ರೇಗ್ಕೊಂಡು ಹೋದ ಇಬ್ರು ಬಿಲ್ಡರ್ಸ್ ವಾಪಸ್ ಬರ್ಲೇ ಇಲ್ಲ. ಹೋಸ್ಟಿಂಗ್ ದುಡ್ಡಲ್ಲಿ ಅರ್ಧ ಅವ್ರೇ ಹಾಕ್ತಿದ್ರು, ಈಗ ಪೂರ್ತಿ ನನ್ ಜೇಬಿಂದ.

ಹೆಡ್‌ಶಾಟ್‌ಹುಡುಗಿ: ಈ ಬುದ್ಧಿಯಿಂದಲೇ ನನ್ನ ಗ್ಯಾಂಗ್ ಪೂರ್ತಿ ಕೈತಪ್ಪಿ ಹೋಗಿದ್ದು. ಒಂದು ಸಿಎಸ್ (ಕೌಂಟರ್-ಸ್ಟ್ರೈಕ್) ಸರ್ವರಲ್ಲಿ ಗೋಡೆ ಆಚೆ ಇದ್ದೋನಿಗೆ ಹೊಡ್ದೆ, ಸತ್ತು ಸ್ಪೆಕ್ಟೇಟ್ ಮಾಡ್ತಿದ್ದ ಅಡ್ಮಿನ್ "ವಾಲ್‌ಹ್ಯಾಕ್" ಅಂದ್ಬಿಟ್ಟ, ಅಂದ್ರೆ ಗೋಡೆ ಆಚೆ ಕಾಣಿಸೋ ಚೀಟ್. ನಮ್ ಟೀಮ್‌ನವ್ರು ವಾಯ್ಸಲ್ಲಿ ಕಾಲ್ ಕೊಟ್ಟಿದ್ದು ಅವ್ನಿಗೆಲ್ಲಿ ಕೇಳ್ಬೇಕು? ಗೇಮ್, ಡಿಸ್ಕಾರ್ಡ್ ಎರಡೂ ಒಟ್ಟಿಗೇ ಬಂದ್. ಡೆಮೊ ಫೈಲ್ (ಮ್ಯಾಚಿನ ರೆಕಾರ್ಡಿಂಗ್) ಇದೆ, ಯಾವ ಟಿಕ್‌ನಲ್ಲಿ (ಕ್ಷಣದಲ್ಲಿ) ಏನಾಯ್ತು ಅಂತ ಬರ್ದೂ ಇಟ್ಟಿದೀನಿ, ಕೊಡೋದ್ ಯಾರಿಗೆ? ಡಿಎಂ ಹೋಗಲ್ಲ, ಅಪೀಲ್ ಚಾನೆಲ್ ಇರೋದೇ ಆ ಡಿಸ್ಕಾರ್ಡ್ ಒಳಗೆ!! ಸಿಎಸ್ ಮಾಡಿರೋ ವ್ಯಾಲ್ವ್‌ನವ್ರೇ 2010ರಲ್ಲಿ ಮಾಡರ್ನ್ ವಾರ್‌ಫೇರ್ 2 ಆಡ್ತಿದ್ದ ಸುಮಾರು 12,000 ಜನಕ್ಕೆ ಸುಮ್‌ಸುಮ್ನೆ ವ್ಯಾಕ್ (ಅವ್ರ ಆಂಟಿ-ಚೀಟ್) ಬ್ಯಾನ್ ಹಾಕಿ, ಆಮೇಲೆ ಸಾರಿ ಕೇಳಿ ಲೆಫ್ಟ್ 4 ಡೆಡ್ 2 ಫ್ರೀ ಕೊಟ್ರು. 2023ರಲ್ಲಿ ಎಎಂಡಿ ಗ್ರಾಫಿಕ್ಸ್ ಡ್ರೈವರ್‌ದು ಆಂಟಿ-ಲ್ಯಾಗ್ ಪ್ಲಸ್ ಆನ್ ಮಾಡಿದ್ದಕ್ಕೇ ಸಿಎಸ್2ನಲ್ಲಿ ಬ್ಯಾನ್ ಬೀಳ್ತಿತ್ತು. ಅಂಥೋರಿಗೇ ಎಡವಟ್ಟಾಗತ್ತೆ, ನಿಮ್ ಅಡ್ಮಿನ್ ಏನ್ ದೇವ್ರಾ?

ಲಾವಾಬಕೆಟ್: ಯಾವ ಚೀಟರ್ "ಹೌದು ನಾನೇ ಮಾಡ್ದೆ" ಅಂದಿದಾನೆ ಹೇಳಿ ನೋಡೋಣ.

ಹೆಡ್‌ಶಾಟ್‌ಹುಡುಗಿ: ಡೆಮೊ ಕಳಿಸ್ಲಾ? ನೋಡೋಕ್ ಬರತ್ತಾ ನಿಮಗೆ?

ಎಎಫ್‌ಕೆ‌ಅಣ್ಣ: ಇಬ್ರೂ ಸ್ವಲ್ಪ ತಡೀರಪ್ಪ. ನಾವು ಬ್ಯಾನ್ ಆದ ಒಬ್ಬನನ್ನ ಪೂರ್ತಿ ಹೊರಗೆ ಹಾಕಿದ್ವಿ, ಅದರ ಕಥೆನೂ ಕೇಳಿ. ಡಿಸ್ಕಾರ್ಡ್ ಬ್ಯಾನ್ ಐಪಿ (ಇಂಟರ್ನೆಟ್ ವಿಳಾಸ) ಸಮೇತ ಬೀಳತ್ತಲ್ಲ, ಅದೇ ಮನೆ ವೈಫೈಲಿದ್ದ ಅವನ ತಮ್ಮಂಗೂ ಸೇರಕ್ಕಾಗ್ಲಿಲ್ಲ. ಆ ತಮ್ಮ ಟೀಮ್‌ನವ್ರ ಗಾಯ ವಾಸಿ ಮಾಡೋ ನಮ್ ಒಳ್ಳೆ ಹೀಲರ್, ಎಲ್ಲ ಸೇರಿ ಆಡೋ ರೈಡ್ ದಿನವೇ ಇಲ್ಲ. ಬ್ಯಾನ್ ಆದೋನು ಮಾತ್ರ ಐಪಿ ಮರೆಮಾಡೋ ವಿಪಿಎನ್ ಹಾಕ್ಕೊಂಡು ಹೊಸ ಅಕೌಂಟಲ್ಲಿ ಆರಾಮಾಗಿ ಬಂದ. ಈಗ ಬ್ಯಾನ್ ಆದೋರಿಗೆ ಒಂದು ರೋಲ್ ಕೊಟ್ಟಿದೀವಿ, ಅಪೀಲ್ ಚಾನೆಲ್ ಬಿಟ್ಟು ಬೇರೇನೂ ಕಾಣಲ್ಲ, ಒಂದು ಮೆಸೇಜಾದ್ಮೇಲೆ ಇನ್ನೊಂದಕ್ಕೆ ಕಾಯಿಸೋ ಸ್ಲೋಮೋಡ್ ಬೇರೆ. ಪ್ರೂಫ್ ಎಲ್ಲ ತೆಗೆದು ಬೇರೆ ಕಡೆ ಇಡ್ತೀವಿ, ಯಾರು ಏನ್ ಮಾಡಿದ್ರು ಅಂತ ತೋರ್ಸೋ ಡಿಸ್ಕಾರ್ಡ್ ಆಡಿಟ್ ಲಾಗ್ 45 ದಿನ ಅಷ್ಟೇ ಇರೋದು, ಅದು ಹೋದ್ಮೇಲೆ ಬ್ಯಾನ್ ಮಾಡಿದ್ದು ಯಾರು ಅಂತ ಮಾಡರೇಟರ್‌ಗಳೇ ಕಿತ್ತಾಡ್ತಾರೆ. ಇದಕ್ಕಿಂತ ಒಳ್ಳೆ ಸೆಟಪ್ ಇದ್ರೆ ತೋರ್ಸಿ.

ಲಾವಾಬಕೆಟ್: ಅಪೀಲ್ ಚಾನೆಲಲ್ಲಿ ದಿನಾ ಬಂದು ಅಮ್ಮ ಅಕ್ಕ ಅಂತ ಬೈದ್ರೆ ಓದೋದ್ ಯಾರು, ನೀವಾ?

ಎಎಫ್‌ಕೆ‌ಅಣ್ಣ: ಹೂಂ ನಾನೇ. ಮೆಸೇಜ್ ಹಾಕದಂಗೆ ಬಾಯಿ ಮುಚ್ಸೋ ಟೈಮ್‌ಔಟ್ 28 ದಿನದವರೆಗೂ ಕೊಡಬಹುದು, ಗೊತ್ತಿಲ್ವಾ?

ಕ್ರೀಪರ್‌ಕಾಕ: ಅದೆಲ್ಲ ಇರ್ಲಿ, ಮೇಸ್ತ್ರಿ, ಪೇಪರ್ ಅನ್ನೋ ಸರ್ವರ್ ಸಾಫ್ಟ್‌ವೇರ್‌ನಲ್ಲೇ ಆಂಟಿ-ಎಕ್ಸ್‌ರೇ ಇದೆ, ಆನ್ ಮಾಡಿರ್ಲಿಲ್ವಾ? ಎಂಜಿನ್ ಮೋಡ್ 2 ಹಾಕಿದ್ರೆ ಎಲ್ಲಾ ಕಡೆ ಸುಳ್ಳು ಅದಿರು ಕಾಣತ್ತೆ, ಕಳ್ಳ ಅಗೆದೂ ಅಗೆದೂ ಸುಸ್ತಾಗ್ತಾನೆ.

ಎಎಫ್‌ಕೆ‌ಅಣ್ಣ: ಮೋಡ್ 2 ನೆಟ್‌ವರ್ಕ್ ತಿನ್ನತ್ತೆ, ಸಣ್ಣ ಸರ್ವರ್‌ಗೆ ಯಾಕೆ ಹೇಳ್ತೀರಿ.

ಕ್ರೀಪರ್‌ಕಾಕ: ನಿಮ್ ಸರ್ವರ್ ಬಡಕಲು ಅಂತ ಎಲ್ಲರದ್ದೂ ಹಂಗೇನಾ?

ಬ್ಲಾಕ್‌ಮೇಸ್ತ್ರಿ: ನಮ್ದು ಪೇಪರ್ ಅಲ್ಲ, ಫ್ಯಾಬ್ರಿಕ್ ಅನ್ನೋ ಬೇರೆ ಸಾಫ್ಟ್‌ವೇರ್. ಮತ್ತೆ ನಾನ್ ಕೇಳಿದ್ದು ಡಿಸ್ಕಾರ್ಡ್ ವಿಷ್ಯ...

ಲಾವಾಬಕೆಟ್: @ಹೆಡ್‌ಶಾಟ್‌ಹುಡುಗಿ ಡೆಮೊ ಲಿಂಕ್ ಕಳ್ಸಿದೀರಲ್ಲ, ಓಪನ್ ಆಗ್ತಿಲ್ಲ, ಪರ್ಮಿಷನ್ ಕೇಳ್ತಿದೆ.

ಹೆಡ್‌ಶಾಟ್‌ಹುಡುಗಿ: ಗೊತ್ತು. ಮೊದ್ಲು ಚೀಟರ್ ಅಂದಿದ್ದು ವಾಪಸ್ ತಗೊಳ್ಳಿ.