ಸಹಾಯ ಬೇಕು: ಅಪ್ಪನ ವಾಚ್ ತೋರಿಸೋ ಎದೆಬಡಿತ ನಂಬಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು. ಅಪ್ಪನಿಗೆ 58 ವರ್ಷ, ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ತಗೊಳ್ತಾರೆ. ದಿನಾ ಬೆಳಿಗ್ಗೆ ಅಮಾನಿಕೆರೆ ಹತ್ತಿರ ಬಿರುಸಾಗಿ ವಾಕಿಂಗ್ ಮಾಡ್ತಾರೆ. ಹೋದ ತಿಂಗಳು ಸ್ಮಾರ್ಟ್ ವಾಚ್ ಕೊಡಿಸಿದೆ, ಆಗಿನಿಂದ ನನಗೆ ಚಿಂತೆ ಹತ್ತಿದೆ.

ಮೊನ್ನೆ ಜೊತೆಗೆ ಹೋಗಿದ್ದೆ. ವಾಚಲ್ಲಿ 128. ಅಪ್ಪ ನೋಡಿದ್ರೆ ಒಂಚೂರೂ ಏದುಸಿರಿಲ್ಲದೆ ರಾಗಿ ರೇಟಿನ ಬಗ್ಗೆ ಮಾತಾಡ್ತಿದ್ದಾರೆ. ಅಲ್ಲೇ ನಿಲ್ಲಿಸಿ ನಾಡಿ ಹಿಡಿದು 15 ಸೆಕೆಂಡ್ ಎಣಿಸಿದೆ, 24 ಬಂತು. ಅಂದ್ರೆ ನಿಮಿಷಕ್ಕೆ 96! ಪಟ್ಟಿ ಸಡಿಲವಾಗಿ ಮಣಿಕಟ್ಟಿನ ಮೂಳೆ ಮೇಲೆ ಜಾರಿತ್ತು. ಸ್ವಲ್ಪ ಮೇಲಕ್ಕೆ ಸರಿಸಿ ಬಿಗಿ ಮಾಡಿದೆ, ನಿಂತಾಗ ಸರಿಯಾಯ್ತು, ನಡೆದ್ರೆ ಮತ್ತೆ ಅದೇ ಕಥೆ. ಹಸಿರು ಬೆಳಕಿನ ಸೆನ್ಸರ್ ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ಎದೆಬಡಿತ ಅಂತ ಎಣಿಸುತ್ತೆ, ಇಲ್ಲೂ ಹಾಗೇ ಆಗ್ತಿರಬೇಕು.

220ರಲ್ಲಿ ವಯಸ್ಸು ಕಳೆದು 162 ಗರಿಷ್ಠ ಅಂತ ಆಪ್ ಹೇಳುತ್ತೆ. ಆದ್ರೆ ಈ ಮಾತ್ರೆ ಬಡಿತವನ್ನೇ ತಗ್ಗಿಸೋದರಿಂದ ಆ ಲೆಕ್ಕ ಅಪ್ಪನಿಗೆ ಹೊಂದಲ್ಲ. ನಡೀತಾ ಆರಾಮಾಗಿ ಮಾತಾಡೋಕಾದ್ರೆ ಸಾಕು ಅಂದಿದ್ದಾರೆ ಡಾಕ್ಟ್ರು.

ಎದೆಗೆ ಕಟ್ಟೋ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತಲ್ಲ, ಅದನ್ನ ಬಳಸ್ತಿರೋ ಹಿರಿಯರು ಯಾರಾದ್ರೂ ಇದ್ದೀರಾ? ದಿನಾ ಒದ್ದೆ ಮಾಡಿ ತಾವೇ ಕಟ್ಟಿಕೊಳ್ಳೋದು ಕಷ್ಟವಾ? ಬೆವರಿಗೆ ಚರ್ಮ ಕೆರೆಯುತ್ತಾ? ದೇವರಾಯನದುರ್ಗದಲ್ಲಿ ಯೋಗಾನರಸಿಂಹನ ಸನ್ನಿಧಿಗೆ ಹತ್ತಲೇಬೇಕು ಅಂತ ಅಪ್ಪ ಹಟ ಹಿಡಿದಿದ್ದಾರೆ. ಡಾಕ್ಟ್ರನ್ನ ಕೇಳದೆ ಕರ್ಕೊಂಡು ಹೋಗಲ್ಲ. ಇದೇ ಥರ ಮಾತ್ರೆ ತಗೊಂಡು ಬೆಟ್ಟ ಹತ್ತಿದವರು ಎಲ್ಲೆಲ್ಲಿ ಕೂತು ಸುಧಾರಿಸಿಕೊಂಡ್ರಿ, ದಯವಿಟ್ಟು ತಿಳಿಸಿ. ಪಟ್ಟಿಯ ಕಂಪನಿ, ಬೆಲೆ ಹೇಳಿದ್ರೂ ಉಪಕಾರವಾಗುತ್ತೆ.